ಕಾಯುವುದು

ಒಬ್ಬರಿಗೆ ನೆರವಾಗುವುದು ಒಳ್ಳೆಯದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಾವಾಗ ನೆರವಾಗಬೇಕು, ಯಾವಾಗ ಸುಮ್ಮನಿರಬೇಕು? ಈ ಬಗ್ಗೆ ನನಗೆ ಪಾಠ ಹೇಳಿದ್ದು ಎದೆಯ ಚರ್ಮದಡಿ ಇಡುವ ಪೇಸ್‌ಮೇಕರ್ ಎಂಬ ಪುಟ್ಟ ಯಂತ್ರ.

ಅದನ್ನು ಮೊದಲ ಸಲ ಮನುಷ್ಯನ ದೇಹದೊಳಗೆ ಇಟ್ಟದ್ದು 1958ರ ಅಕ್ಟೋಬರ್ 8ರಂದು, ಸ್ಟಾಕ್‌ಹೋಮಿನಲ್ಲಿ. ರೋಗಿ ಆರ್ನೆ ಲಾರ್ಸನ್. ಇಂಜಿನಿಯರ್ ಎಲ್ಮ್‌ಕ್ವಿಸ್ಟ್ ಮತ್ತು ಶಸ್ತ್ರವೈದ್ಯ ಸೆನ್ನಿಂಗ್ ಅವರ ಬೆನ್ನು ಬಿಡದೆ ಒಪ್ಪಿಸಿದವರು ಲಾರ್ಸನ್ನರ ಹೆಂಡತಿ ಎಲ್ಸೆ-ಮರಿ. ಆ ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಆದರೂ ಒಂದಾದ ಮೇಲೊಂದು ಯಂತ್ರ ಹಾಕಿಸಿಕೊಂಡು ಲಾರ್ಸನ್ 2001ರವರೆಗೆ ಬದುಕಿದರು.

ಆಗಿನ ಯಂತ್ರಗಳಿಗೆ ಗೊತ್ತಿದ್ದುದು ಒಂದೇ ಸಮನೆ ವಿದ್ಯುತ್ ಮಿಡಿತ ಕೊಡುವುದು. ಹೃದಯ ತಾನೇ ಬಡಿಯುತ್ತಿದ್ದರೂ ಅವು ನಿಲ್ಲಿಸುತ್ತಿರಲಿಲ್ಲ. ಬೇಡದ ಹೊತ್ತಿನಲ್ಲಿ ಬಿದ್ದ ಮಿಡಿತದಿಂದ ಹೃದಯದ ಲಯವೇ ಕೆಡುವ ಅಪಾಯವಿತ್ತು. 1960ರ ದಶಕದಲ್ಲಿ, ಬೇಕಾದಾಗ ಮಾತ್ರ ಮಿಡಿಯುವ ಯಂತ್ರ ಬಂತು.

ಈಗಿನ ಪೇಸ್‌ಮೇಕರಿಗೆ ಕಾಲ ಹೇಳುವುದು ಗಡಿಯಾರದಲ್ಲಿರುವಂಥ ಕ್ವಾರ್ಟ್ಸ್ ಹರಳು. ಕೈಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತ ಹೋದರೆ ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ ಉಳಿಯುತ್ತದೆ. ಅರ್ಧ ಮಾಡುವ, ಎಣಿಸುವ ಕೆಲಸ ಡಿಜಿಟಲ್ ಸರ್ಕ್ಯೂಟಿನದು. ಪೇಸ್‌ಮೇಕರ್ ಹೀಗೆ ಎಣಿಸುತ್ತಲೇ ಹೃದಯಕ್ಕೆ ಕಿವಿಗೊಟ್ಟಿರುತ್ತದೆ. ಹೃದಯ ತಾನೇ ಬಡಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ನಿಮಿಷಕ್ಕೆ 60 ಎಂದು ಹೊಂದಿಸಿದ್ದರೆ ಒಂದು ಸೆಕೆಂಡು ಕಾಯುತ್ತದೆ. ಬಡಿತ ಬಾರದಿದ್ದರೆ ಒಂದು ಮಿಡಿತ, ಸಾಮಾನ್ಯವಾಗಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಚಿಕ್ಕದು. ಮತ್ತೆ ಮೌನ.

ನಮ್ಮ ದೊಡ್ಡಮ್ಮನಿಗೂ ಇದನ್ನು ಹಾಕಿದ್ದಾರೆ. "ಇಷ್ಟು ದುಡ್ಡು ಸುರಿದದ್ದು ಅದು ಸುಮ್ಮನೆ ಕೂರಲಿಕ್ಕಾ?" ಎಂದು ಅವರು ಕೇಳಿದಾಗ ಡಾಕ್ಟರು, "ಸುಮ್ಮನಿರುವುದೂ ಅದರ ಕೆಲಸವೇ ಅಮ್ಮ" ಎಂದರು.

ಮಗಳು ಲೆಕ್ಕದಲ್ಲಿ ತಡವರಿಸಿದೊಡನೆ ಪೆನ್ಸಿಲು ಕಸಿದುಕೊಳ್ಳುವ ತಾಯಿ, ಸೊಸೆ ಸಾಸಿವೆ ಡಬ್ಬಿ ತೆರೆಯುವ ಮೊದಲೇ ಒಗ್ಗರಣೆ ಸೌಟು ಹಿಡಿಯುವ ಅತ್ತೆ. ಇಬ್ಬರದೂ ಪ್ರೀತಿಯೇ. ಆದರೆ ತಾನೇ ಬಡಿಯಬಲ್ಲ ಹೃದಯದ ಮೇಲೆ ಬೀಳುವ ಮಿಡಿತವದು. ಹಾಗೆಂದು "ಅವರ ಪಾಡು ಅವರಿಗೆ" ಎಂದು ಮುಖ ತಿರುಗಿಸಿದರೆ ಅದು ಕಾಯುವುದಲ್ಲ, ಕೈಬಿಡುವುದು. ಯಂತ್ರ ಸುಮ್ಮನಿದ್ದಾಗಲೂ ಎಣಿಕೆ ಬಿಟ್ಟಿರುವುದಿಲ್ಲ. ಎಲ್ಸೆ-ಮರಿಯಂತೆ ಒಂದು ಗಳಿಗೆಯೂ ತಡೆಯದೆ ಬಾಗಿಲು ಬಡಿಯಬೇಕಾದ ಹೊತ್ತೂ ಬರುತ್ತದೆ. ಆ ಹೊತ್ತು ತಿಳಿಯುವುದು ಎಣಿಸುತ್ತಿದ್ದವರಿಗೆ ಮಾತ್ರ.

ನಮ್ಮ ನುಡಿಯಲ್ಲಿ ಕಾಯುವುದೆಂದರೆ ಎದುರುನೋಡುವುದೂ ಹೌದು, ಕಾಪಾಡುವುದೂ ಹೌದು. ಎರಡಕ್ಕೂ ಒಂದೇ ಮಾತನ್ನಿಟ್ಟ ಹಿರಿಯರಿಗೆ ಸಂಸಾರ ಚೆನ್ನಾಗಿ ಗೊತ್ತಿದ್ದಿರಬೇಕು.