ಮೊಲೆಬಿಟ್ಟ ಕೂಸಿನ ನಂಬಿಕೆ



ಹಳ್ಳಿಯ ಸಭೆಗಳಲ್ಲಿ ಚಿಕ್ಕ ಮಕ್ಕಳು ಕೈ ಜೋಡಿಸಿ ಪ್ರಾರ್ಥಿಸುವದನ್ನು ನಾವೆಲ್ಲರೂ ಕಂಡಿದ್ದೇವೆ. ಬೆಳಿಗ್ಗೆ ಮಳೆಗೋಸ್ಕರ ಬೇಡಿಕೊಂಡ ಮಗುವು ಸಾಯಂಕಾಲ ಹೊಸಲಿನ ಮೇಲೆ ಕೂತು ಆಕಾಶವನ್ನು ನೋಡುತ್ತಿರುತ್ತದೆ. ಅದನ್ನು ಕಂಡು ನಾವು ನಗುತ್ತೇವೆ. ಆದರೆ ಆ ನಗೆಯೊಳಗೆ ಒಂದು ವ್ಯಥೆಯೂ ಉಂಟು. ನಾವೂ ಒಮ್ಮೆ ಹಾಗೆಯೇ ನಂಬಿದ್ದೆವಲ್ಲವೇ? ಆ ನಂಬಿಕೆಯು ಈಗ ಎಲ್ಲಿ ಹೋಯಿತು?

ಕರ್ತನು ಒಂದು ಮಗುವನ್ನು ಶಿಷ್ಯರ ನಡುವೆ ನಿಲ್ಲಿಸಿ, ಮಕ್ಕಳಂತಾಗದವರಿಗೆ ಪರಲೋಕರಾಜ್ಯದಲ್ಲಿ ಪ್ರವೇಶವಿಲ್ಲವೆಂದು ಬೋಧಿಸಿದ ಸಂಗತಿಯು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿದೆ. ಅಪೊಸ್ತಲನಾದ ಪೌಲನಾದರೋ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 13ನೆಯ ಅಧ್ಯಾಯದಲ್ಲಿ, ತಾನು ಪ್ರಾಯಕ್ಕೆ ಬಂದ ಮೇಲೆ ಬಾಲ್ಯದ ರೀತಿಗಳನ್ನು ತೊರೆದದ್ದಾಗಿ ಹೇಳುತ್ತಾನೆ. ಈ ಎರಡು ಬೋಧನೆಗಳೂ ಒಂದಕ್ಕೊಂದು ವಿರೋಧವೋ? ಅಲ್ಲ. ಅದೇ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಅಪೊಸ್ತಲನು ಗಂಟನ್ನು ಬಿಡಿಸುತ್ತಾನೆ: ಕೆಟ್ಟತನದ ವಿಷಯದಲ್ಲಿ ಶಿಶುಗಳಾಗಿರಬೇಕು, ಬುದ್ಧಿಯ ವಿಷಯದಲ್ಲಿ ಪ್ರಾಯಸ್ಥರಾಗಿರಬೇಕು. ಕರ್ತನು ಮಗುವನ್ನು ಕರೆದದ್ದಾದರೂ, ತಮ್ಮಲ್ಲಿ ದೊಡ್ಡವನು ಯಾರೆಂದು ಶಿಷ್ಯರು ವಿಚಾರಿಸಿದಾಗಲೇ. ಆದದರಿಂದ ಆತನು ಹೊಗಳಿದ್ದು ಮಗುವಿನ ಅಜ್ಞಾನವನ್ನಲ್ಲ, ಅದರ ದೀನತೆಯನ್ನು. ಓದಿ ತಿಳಿದುಕೊಳ್ಳುವದೂ ಪ್ರಶ್ನೆ ಕೇಳುವದೂ ಶಿಶುಭಾವಕ್ಕೆ ಶತ್ರುಗಳಲ್ಲ. ಮಗುವಿನಷ್ಟು ಪ್ರಶ್ನೆ ಕೇಳುವವರು ಮನೆಯಲ್ಲಿ ಮತ್ತಾರುಂಟು?

ಆದರೆ ಪ್ರಾಯದವನ ನಂಬಿಕೆಯು ಕುಂದುವದು ಬಹುಮಟ್ಟಿಗೆ ವಿದ್ಯೆಯಿಂದಲ್ಲ, ದುಃಖದಿಂದ. ಜ್ವರದಲ್ಲಿ ಮಗನನ್ನು ಕಳಕೊಂಡ ಒಬ್ಬ ಸಹೋದರನು ನಮಗೆ ಹೀಗೆ ಹೇಳಿದನು: “ಅಯ್ಯನವರೇ, ದೇವರಿಲ್ಲವೆಂದು ನಾನು ಅನ್ನುವದಿಲ್ಲ. ಆದರೆ ಮೂರು ರಾತ್ರಿ ಮೊಣಕಾಲೂರಿ ಬೇಡಿದೆ. ಈಗ ಬೇಡುವದಕ್ಕೆ ಬಾಯಿ ಬಾರದು.” ಇಂಥವನಿಗೆ, ಮಗುವಿನಂತೆ ನಂಬು ಎಂದು ಸುಲಭವಾಗಿ ಬುದ್ಧಿಹೇಳಬಹುದೋ? ಮಗುವು ಇನ್ನೂ ಮೋಸಹೋಗದೆ ಇರುವದರಿಂದ ನಂಬುತ್ತದೆ. ಇವನಾದರೋ ತನ್ನ ಕೈಯಾರೆ ಮಣ್ಣುಹಾಕಿ ಬಂದವನು. ಆ ದಿನ ನಾವು ಸುಮ್ಮನೆ ಅವನ ಬಳಿಯಲ್ಲಿ ಕೂತಿದ್ದು ಎದ್ದುಬಂದೆವು.

ಅಂದಿನಿಂದ 131ನೆಯ ಕೀರ್ತನೆಯನ್ನು ಅನೇಕಾವರ್ತಿ ಧ್ಯಾನಿಸಿದ್ದೇವೆ. ಮೂರೇ ವಚನಗಳುಳ್ಳ ಆ ಚಿಕ್ಕ ಕೀರ್ತನೆಯಲ್ಲಿ ಭಕ್ತನು ತನ್ನ ಪ್ರಾಣವನ್ನು ಮೊಲೆಬಿಟ್ಟ ಕೂಸಿಗೆ ಹೋಲಿಸುತ್ತಾನೆ. ಹಾಲು ಕುಡಿಯುವ ಕೂಸಿಗಲ್ಲ ಎಂಬದನ್ನು ವಾಚಕರು ಗಮನಿಸಬೇಕು. ಮೊಲೆಬಿಡಿಸುವದು ಹೇಗೆಂದು ನಮ್ಮ ತಾಯಂದಿರು ಬಲ್ಲರು. ಬೇವಿನ ಕಹಿಯನ್ನು ಹಚ್ಚುತ್ತಾರೆ. ಕೂಸು ಮುಖ ಕಿವಿಚಿ ಅಳುತ್ತದೆ, ಹಟಮಾಡುತ್ತದೆ, ತಾಯಿಯನ್ನೇ ಹೊಡೆಯುತ್ತದೆ. ನಿನ್ನೆಯವರೆಗೆ ಕೊಟ್ಟವಳು ಇಂದು ಯಾಕೆ ಕೊಡಳು ಎಂಬದು ಅದಕ್ಕೆ ತಿಳಿಯದು. ಕೆಲವು ದಿನಗಳಾದ ಮೇಲೆ ಅದೇ ಕೂಸು ಅದೇ ಮಡಿಲಿಗೆ ಬಂದು ಒರಗುತ್ತದೆ; ಈಗ ಹಾಲಿಗಾಗಿ ಅಲ್ಲ, ತಾಯಿಗಾಗಿ. ಕಾರಣವು ಅದಕ್ಕೆ ಇನ್ನೂ ತಿಳಿದಿಲ್ಲ; ಆದರೂ ಮಡಿಲು ತನ್ನದೆಂದು ಬಲ್ಲದು.

ಪ್ರಾಯದವನಿಂದ ದೇವರು ಅಪೇಕ್ಷಿಸುವ ಶಿಶುಭಾವವು ಇದೇ ಎಂದು ನಾವು ಎಣಿಸುತ್ತೇವೆ. ಕೇಳಿದ್ದೆಲ್ಲಾ ದೊರಕುವದೆಂಬ ಮೊದಲಿನ ನಂಬಿಕೆಗೆ ನಾವು ತಿರುಗಿ ಹೋಗಲಾರೆವು; ಹೋಗಬೇಕಾದದ್ದೂ ಇಲ್ಲ. ಬೇಡಿದ್ದು ದೊರಕದೆ ಹೋದಾಗಲೂ ತಂದೆಯ ಬಳಿಗೆ ಬರುವದೇ ಬೆಳೆದವರ ಶಿಶುಭಾವ. ಸಾವಿನ ಕಹಿಯು ಬೇವಿನ ಕಹಿಯಷ್ಟೇ ಎಂದು ನಾವು ಹೇಳುವದಿಲ್ಲ. ಯಾವ ಹೋಲಿಕೆಯೂ ಸತ್ತ ಮಗನಿಗೆ ಸಮಾನವಲ್ಲ.

ಗೆತ್ಸೇಮನೆಯನ್ನು ನೆನಸಿರಿ. ಅಲ್ಲಿ ಕರ್ತನು ದೇವರನ್ನು ಅಬ್ಬಾ ಎಂದು ಕರೆದದ್ದನ್ನು ಮಾರ್ಕನು 14ನೆಯ ಅಧ್ಯಾಯದಲ್ಲಿ ಬರೆದಿಟ್ಟಿದ್ದಾನೆ. ಅದು ಅರಾಮಿ ಭಾಷೆಯ ಮನೆಮಾತು. ಚಿಕ್ಕ ಮಕ್ಕಳು ಮಾತ್ರವಲ್ಲ, ಬೆಳೆದ ಮಕ್ಕಳೂ ತಂದೆಯನ್ನು ಹಾಗೆಯೇ ಕರೆಯುತ್ತಿದ್ದರು. ಪೂರ್ಣಪ್ರಾಯದವನಾಗಿದ್ದ ಆತನು ಮರಣದ ಹಿಂದಿನ ರಾತ್ರಿ ಆ ಮಾತನ್ನು ಬಿಡಲಿಲ್ಲ. ಪಾತ್ರೆಯು ತೊಲಗಬೇಕೆಂದು ಮುಚ್ಚುಮರೆಯಿಲ್ಲದೆ ಬೇಡಿದನು. ಪಾತ್ರೆಯು ತೊಲಗಲಿಲ್ಲ. ಆದರೂ ಲೂಕನು ಬರೆದ ಪ್ರಕಾರ, ಶಿಲುಬೆಯ ಮೇಲೆ ಕಡೆಯ ಉಸಿರಿನಲ್ಲಿ ಆತನು ತನ್ನ ಆತ್ಮವನ್ನು ತಂದೆಯ ಕೈಗೇ ಒಪ್ಪಿಸಿದನು.

ಹೀಗಿರಲಾಗಿ, ಬೇಡುವದಕ್ಕೆ ಬಾಯಿ ಬಾರದಿರುವ ಸಹೋದರನೇ, ಸಹೋದರಿಯೇ, ಇಲ್ಲದ ಧೈರ್ಯವನ್ನು ನಟಿಸಬೇಡಿರಿ. ಅಳುವದೂ ದೂರುವದೂ ಮಕ್ಕಳ ಹಕ್ಕು. ಮಾರ್ಕನ 9ನೆಯ ಅಧ್ಯಾಯದಲ್ಲಿ ರೋಗಿಯಾದ ಮಗನನ್ನು ತಂದ ತಂದೆಯು ತನ್ನ ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಕೂಗಿನಲ್ಲಿ ಅರಿಕೆಮಾಡಿದನು; ಕರ್ತನು ಅವನನ್ನು ತಳ್ಳಿಬಿಡಲಿಲ್ಲ. ಈ ರಾತ್ರಿ ನಿಮ್ಮಿಂದ ದೊಡ್ಡ ಪ್ರಾರ್ಥನೆಯು ಆಗದಿದ್ದರೆ, ತಂದೆಯೇ ಎಂಬ ಒಂದು ಮಾತಾದರೂ ಸಾಕು. ಅದನ್ನು ಹೇಳಿ ಮಲಗಿರಿ. ಉಳಿದದ್ದನ್ನು ಕೇಳದೆಯೇ ಬಲ್ಲಾತನು ಎಚ್ಚರವಾಗಿದ್ದಾನೆ.