ಎಲೀಯನಿಗೆ ಸಿಕ್ಕ ನಿದ್ದೆ, ರೊಟ್ಟಿ, ನೀರು



ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಬಲಿಪೂಜೆಗೆ ಹೊರಟಿದ್ದಾರೆ. ತಾಯಿ ಮಾತ್ರ ಕಿಟಕಿ ಮುಚ್ಚಿ, ಹಣೆಗೆ ಬಟ್ಟೆ ಬಿಗಿದು ಮಲಗಿದ್ದಾಳೆ. ಬೆಳಕು ಬೇಡ, ಸದ್ದು ಬೇಡ, ಒಗ್ಗರಣೆಯ ವಾಸನೆಯೂ ಬೇಡ. "ಭಾನುವಾರ ಬಂದರೆ ಇವಳಿಗೆ ತಲೆನೋವು" ಎಂದು ಯಾರೋ ಗೊಣಗುತ್ತಾರೆ. ನೋವಿಗಿಂತ ಆ ಮಾತೇ ಅವಳನ್ನು ಹೆಚ್ಚು ನೋಯಿಸುತ್ತದೆ.

ಅರೆತಲೆನೋವು, ಅಂದರೆ ಮೈಗ್ರೇನ್, ನೆಪವಲ್ಲ. ಅದು ಮೆದುಳು ಮತ್ತು ನರಗಳಿಗೆ ಸಂಬಂಧಿಸಿದ ಕಾಯಿಲೆ. ಚಿಕಿತ್ಸೆಯಿಲ್ಲದಿದ್ದರೆ ಒಮ್ಮೆ ಬಂದದ್ದು 4 ಗಂಟೆಯಿಂದ 72 ಗಂಟೆಯವರೆಗೆ ಕಾಡಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಭಾನುವಾರವೇ ಏಕೆ ಎಂದು ಕೇಳುತ್ತೀರಾ? ಅಂದು ಏಳುವ ಹೊತ್ತು ಬದಲಾಗಿರುತ್ತದೆ, ತಿಂಡಿ ತಪ್ಪಿರುತ್ತದೆ. ಇಂಥ ಏರುಪೇರು ಸಾಕು, ಮೈಗ್ರೇನ್ ಕೆರಳಲು.

ಪ್ರವಾದಿ ಎಲೀಯನನ್ನು ನೆನೆಯಿರಿ. ರಾಣಿ ಈಜೆಬೆಲಳಿಗೆ ಹೆದರಿ ಓಡಿ ಬಂದು, ಮರುಭೂಮಿಯ ಒಂದು ಗಿಡದ ನೆರಳಲ್ಲಿ ಕುಳಿತು, ಇನ್ನು ಬದುಕಿದ್ದು ಸಾಕು ಎಂದು ಬೇಡಿಕೊಂಡವನು ಅವನು. ದೇವರು ಅವನಿಗೆ "ನಿನ್ನ ವಿಶ್ವಾಸ ಸಾಲದು" ಎನ್ನಲಿಲ್ಲ. ನಿದ್ದೆ ಮಾಡಲು ಬಿಟ್ಟರು. ದೂತನ ಕೈಯಲ್ಲಿ ರೊಟ್ಟಿ, ನೀರು ಕಳುಹಿಸಿದರು. ಮತ್ತೆ ಮಲಗಿದವನನ್ನು ಮತ್ತೆ ಎಬ್ಬಿಸಿ ಉಣಿಸಿದರು. ಹೋರೇಬ್ ಬೆಟ್ಟದ ದಾರಿ ಆಮೇಲೆ ಬಂತು.

ಇಂದು ವೈದ್ಯರು ಹೇಳುವುದೂ ಇದಕ್ಕೆ ದೂರವಿಲ್ಲ. ದಿನವೂ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳಿ. ಊಟ ತಪ್ಪಿಸಬೇಡಿ, ನೀರು ಸಾಕಷ್ಟು ಕುಡಿಯಿರಿ. ಕಾಫಿಗೆ ಮಿತಿಯಿರಲಿ. ನೋವು ಬಂದ ದಿನ, ಅದರ ಹಿಂದಿನ ಊಟ, ನಿದ್ದೆ, ಮುಟ್ಟು, ಬಿಸಿಲು, ಮನಸ್ತಾಪಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ನಿಮ್ಮ ನೋವನ್ನು ಕೆರಳಿಸುವುದು ಯಾವುದೆಂಬ ಸುಳಿವು ಅಲ್ಲೇ ಸಿಗಬಹುದು. ನೋವು ಬಂದಾಗ ಕತ್ತಲ ಕೋಣೆ, ಹಣೆಗೆ ತಣ್ಣೀರ ಬಟ್ಟೆ. ನೋವಿಲ್ಲದ ದಿನಗಳಲ್ಲಿ ನಡಿಗೆ, ನಿಧಾನ ಉಸಿರಾಟ. ದೆಹಲಿಯ ಏಮ್ಸ್ ವೈದ್ಯರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧದ ಜೊತೆಗೆ ಯೋಗಾಭ್ಯಾಸವನ್ನೂ ಮಾಡಿದವರಿಗೆ, ಬರೀ ಔಷಧ ತೆಗೆದುಕೊಂಡವರಿಗಿಂತ ತಲೆನೋವು ಹೆಚ್ಚು ಕಡಿಮೆಯಾಗಿತ್ತು.

ಅಂಗಡಿಯ ಮಾತ್ರೆಯನ್ನೇ ನಂಬಿದವರಿಗೆ ಒಂದು ಎಚ್ಚರಿಕೆ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಹೀಗೆ ತಿಂಗಳುಗಟ್ಟಲೆ ನುಂಗಿದರೆ, ಆ ಮಾತ್ರೆಯೇ ತಲೆನೋವು ತರಬಹುದು. ಹಾಗೆಂದು ವೈದ್ಯರು ಬರೆದುಕೊಟ್ಟ ಔಷಧವನ್ನು ನೀವಾಗಿ ನಿಲ್ಲಿಸಬೇಡಿ. ವೈದ್ಯನನ್ನು ಗೌರವಿಸಬೇಕೆಂದು ಸಿರಾಖನ ಗ್ರಂಥವೇ ಕಲಿಸುತ್ತದೆ. ಸಿಡಿಲಿನಂತೆ ಒಮ್ಮೆಲೇ ಬಂದ ನೋವು, ಜ್ವರದೊಡನೆ ಕತ್ತು ಬಿಗಿತ, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಉಪವಾಸದ ಮಾತೇನು? ಪರಮಪ್ರಸಾದಕ್ಕೆ ಮೊದಲು ಒಂದು ಗಂಟೆಯ ಉಪವಾಸ ಸಾಕು. ಕಾಯಿಲೆಯವರಿಗೆ ಅದೂ ಕಡ್ಡಾಯವಲ್ಲ. ಇಷ್ಟಾದರೂ ಹಿಂದಿನ ರೂಢಿಯಂತೆ ರಾತ್ರಿಯಿಂದ ಹೊಟ್ಟೆಗೆ ಏನೂ ಹಾಕದೆ ಬರುವ ಹಿರಿಯರಿದ್ದಾರೆ. ತಪಸ್ಸುಕಾಲದಲ್ಲಿ ಊಟ ಬಿಟ್ಟರೆ ನೋವು ಬರುತ್ತದೆಂದು ತಿಳಿದಿದ್ದರೆ ಧರ್ಮಗುರುಗಳೊಡನೆ ಮಾತನಾಡಿ. ಊಟದ ಬದಲು ಒಂದು ಕಟುಮಾತನ್ನು ಬಿಡಿ, ಒಬ್ಬ ಬಡವನಿಗೆ ಉಣಬಡಿಸಿ.

ಇಷ್ಟೆಲ್ಲ ಮಾಡಿಯೂ ಕೆಲವರ ನೋವು ಹೋಗುವುದಿಲ್ಲ. ಸಂತ ಪೌಲನೂ ತನ್ನ ಮೈಗೆ ನಾಟಿದ ಮುಳ್ಳನ್ನು ತೆಗೆಯುವಂತೆ ಮೂರು ಬಾರಿ ಬೇಡಿದ. ಮುಳ್ಳು ಹೋಗಲಿಲ್ಲ, ಕೃಪೆ ಬಂತು. ಆದರೆ ಈ ಮಾತನ್ನು ನೋವುಂಡವರು ಹೇಳಿದರೆ ಸಾಕ್ಷ್ಯ. ಸುಖವಾಗಿರುವವರು ನೋವಿನವರಿಗೆ ಉಪದೇಶಿಸಿದರೆ ಅದು ಕಲ್ಲು. ಸಂತ ಎರಡನೇ ಜಾನ್ ಪಾಲರು 1984ರಲ್ಲಿ ಸಂಕಟದ ಕುರಿತು ಬರೆದ ಪತ್ರದಲ್ಲಿ ದಯಾಳು ಸಮಾರಿಯದವನನ್ನು ನೆನೆದರು. ಅವನು ದಾರಿಯಲ್ಲಿ ಉಪದೇಶ ಮಾಡಲಿಲ್ಲ, ನಿಂತು ಗಾಯ ಕಟ್ಟಿದ.

ಮುಂದಿನ ಭಾನುವಾರ ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಮಲಗಿದರೆ ಗೊಣಗಬೇಡಿ. ಕಿಟಕಿ ಮುಚ್ಚಿ, ಬಟ್ಟೆ ಒದ್ದೆ ಮಾಡಿ ಕೊಡಿ, ಮಕ್ಕಳನ್ನು ಹೊರಗೆ ಕರೆದೊಯ್ಯಿರಿ, ಒಲೆಯ ಮುಂದೆ ನೀವು ನಿಲ್ಲಿ. ಎಲೀಯನ ಬಳಿಗೆ ಬಂದ ದೂತ ಮಾಡಿದ್ದೂ ಇಷ್ಟೇ. ಸ್ವಾಮಿ ಯೇಸು ನಮ್ಮ ಮನೆಗಳ ನೋವನ್ನು ಮುಟ್ಟಿ ಶಮನಗೊಳಿಸಲಿ. ಆಮೆನ್.