ಕೇಳುವುದು ಅಪನಂಬಿಕೆಯೇ?

ಮದುವೆಯ ಮಾತುಕತೆಗೆ ಕುಳಿತಾಗ ನಮ್ಮ ಮನೆಗಳಲ್ಲಿ ಕೇಳದೆ ಬಿಡುವ ಪ್ರಶ್ನೆಗಳು ಕಡಿಮೆ. ಹುಡುಗನ ಕೆಲಸ ಕಾಯಮ್ಮೋ ಗುತ್ತಿಗೆಯೋ, ಮನೆ ಸ್ವಂತದ್ದೋ ಬಾಡಿಗೆಯದೋ, ಕುಡಿತ ಉಂಟೋ ಇಲ್ಲವೋ, ಹುಡುಗಿ ಎಷ್ಟು ಓದಿದ್ದಾಳೆ, ಅವಳ ತಾಯಿಯ ತವರು ಯಾವುದು, ಎಲ್ಲವನ್ನೂ ಕೇಳುತ್ತೇವೆ. ಯಾರೂ ಅವಮಾನವಾಯಿತೆಂದು ಎದ್ದು ಹೋಗುವುದಿಲ್ಲ. ಆದರೆ "ಇಬ್ಬರೂ ಒಮ್ಮೆ ಎಚ್.ಐ.ವಿ. ರಕ್ತಪರೀಕ್ಷೆ ಮಾಡಿಸಿಕೊಂಡರೆ ಹೇಗೆ?" ಎಂದು ಯಾರಾದರೂ ಹೇಳಲಿ, ಚಹಾದ ಕಪ್ಪು ಅರ್ಧದಲ್ಲೇ ನಿಲ್ಲುತ್ತದೆ. "ನಮ್ಮ ಮಗ ಅಂಥವನಲ್ಲ" ಎಂಬ ಮಾತು ಬರುತ್ತದೆ. ಮದುವೆಯ ತಯಾರಿ ತರಗತಿಗಳಲ್ಲಿ ಹುಡುಗಿಯರು ಇದನ್ನೇ ತಗ್ಗಿದ ದನಿಯಲ್ಲಿ ಕೇಳುತ್ತಾರೆ: "ಫಾದರ್, ನಾನು ಕೇಳಿದರೆ ಅವರನ್ನು ನಂಬಲಿಲ್ಲ ಎಂದಾಗುವುದಿಲ್ಲವೇ?"

ಇದು ಕೇವಲ ಆಸ್ಪತ್ರೆಯ ಪ್ರಶ್ನೆಯಲ್ಲ. ನಂಬಿಕೆ ಎಂದರೇನು, ನಿಷ್ಠೆ ಎಂದರೇನು ಎಂಬ ಪ್ರಶ್ನೆಯೂ ಹೌದು. ಆದ್ದರಿಂದ ಸ್ವಲ್ಪ ನಿಧಾನವಾಗಿ ವಿಚಾರ ಮಾಡೋಣ.

ಮೊದಲು ನಮ್ಮ ಊರುಗಳನ್ನೇ ನೋಡಿ. ದಾಂಡೇಲಿಗೆ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದಿತು. ಕೆಲಸ ಹುಡುಕಿಕೊಂಡು ಹತ್ತು ಕಡೆಯ ಜನ ಬಂದು ನೆಲೆಸಿದರು. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಊರು ನೀರಿನಡಿ ಸೇರಿತು, ಜನ ಚದುರಿದರು. ಜೊಯಿಡಾದ ಕುಣಬಿಗಳ, ಹಳಿಯಾಳದ ಸಿದ್ದಿಗಳ ಮತ್ತು ಗೌಳಿಗಳ ಮಕ್ಕಳು ಕೂಲಿಗಾಗಿ, ಹೋಟೆಲ್ ಕೆಲಸಕ್ಕಾಗಿ ಗೋವೆಗೆ ಹೋಗುತ್ತಾರೆ. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ ಬಂಧುಗಳು ಚಳಿಗಾಲದಲ್ಲಿ ಸ್ವೆಟರ್ ಮಾರಲು ದೂರದ ಪಟ್ಟಣಗಳಿಗೆ ಹೊರಡುತ್ತಾರೆ. ಲಾರಿಯವರ ಮಾತು ಹೇಳುವುದೇ ಬೇಡ. ಇವರಲ್ಲಿ ಯಾರನ್ನೂ ಬೆರಳು ಮಾಡಿ ತೋರಿಸಲು ನಾನು ಇದನ್ನು ಹೇಳುತ್ತಿಲ್ಲ. ಹೊಟ್ಟೆಪಾಡಿಗಾಗಿ ದೂರ ಹೋಗುವುದು ಪಾಪವಲ್ಲ. ಆದರೆ ತಿಂಗಳುಗಟ್ಟಲೆ ಮನೆಯಿಂದ ದೂರವಿರುವ ಬದುಕು ಒಂಟಿತನವನ್ನೂ ಅದರ ಬೆನ್ನಿಗೆ ಆಮಿಷವನ್ನೂ ತರುತ್ತದೆ ಎಂಬುದು ಎಲ್ಲ ಜಾತಿ, ಎಲ್ಲ ಮತಗಳ ಮನೆಗಳಿಗೂ ಗೊತ್ತಿರುವ ಸತ್ಯ. ನಮ್ಮ ನಾಲ್ಕು ತಾಲೂಕುಗಳಿಗೆ ತಗುಲಿಕೊಂಡಂತೆ ಇರುವ ಬೆಳಗಾವಿ ಜಿಲ್ಲೆಯೂ ಅದರಾಚೆಯ ಬಾಗಲಕೋಟೆಯೂ 2000ದ ಆಸುಪಾಸಿನ ವರ್ಷಗಳಲ್ಲಿ ಈ ಸೋಂಕಿನಿಂದ ಬಹಳ ನೊಂದವು.

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಆಮೇಲಿನ ವರ್ಷಗಳಲ್ಲಿ ಧರ್ಮಸಭೆ ಕೈಕಟ್ಟಿ ಕೂರಲಿಲ್ಲ. ಬೆಂಗಳೂರಿನಲ್ಲಿ ಕಮಿಲಿಯನ್ ಗುರುಗಳು 1997ರಲ್ಲಿ ಸ್ನೇಹದಾನ್ ಆರಂಭಿಸಿ, ಮನೆಯವರೂ ಮುಟ್ಟಲು ಹೆದರುತ್ತಿದ್ದ ರೋಗಿಗಳ ಆರೈಕೆ ಮಾಡಿದರು. ಭಾರತದ ಧರ್ಮಾಧ್ಯಕ್ಷರು 2005ರಲ್ಲಿ ಈ ವಿಷಯದ ಬಗ್ಗೆ ಒಂದು ನೀತಿಯನ್ನೇ ಪ್ರಕಟಿಸಿದರು. ಯುವಜನರಿಗೆ ಸಂಯಮ, ದಂಪತಿಗಳಿಗೆ ನಿಷ್ಠೆ ಎಂಬ ಬೋಧನೆ ಧರ್ಮಕೇಂದ್ರಗಳಲ್ಲಿ ನಡೆಯುತ್ತಲೇ ಬಂದಿದೆ. ಬೋಧನೆ ಸರಿಯಾದದ್ದೇ. ಆದರೆ ಅದನ್ನು ಯಾರಿಗೆ, ಹೇಗೆ ಹೇಳುತ್ತೇವೆ ಎಂಬುದರಲ್ಲಿ ಎರಡು ತೊಡಕುಗಳಿವೆ.

ಮೊದಲನೆಯದು ಭಯ. ತಲೆಬುರುಡೆಯ ಚಿತ್ರ ಬರೆದು "ಏಡ್ಸ್ ಎಂದರೆ ಸಾವು" ಎಂದು ಗೋಡೆಗೆ ಹಚ್ಚಿದ ಕಾಲವೊಂದಿತ್ತು. ಸಂತ ತೋಮಸ್ ಅಕ್ವಿನಾಸರು ಭಯದಲ್ಲಿ ಎರಡು ಬಗೆಯನ್ನು ಹೇಳುತ್ತಾರೆ. ಶಿಕ್ಷೆಗೆ ಅಂಜುವ ಆಳಿನ ಭಯ ಒಂದು. ಪ್ರೀತಿಸುವ ತಂದೆಗೆ ನೋವಾದೀತೆಂದು ಅಂಜುವ ಮಗನ ಭಯ ಇನ್ನೊಂದು. ಆಳಿನ ಭಯ ಯಜಮಾನ ಕಣ್ಮರೆಯಾಗುವ ತನಕ ಮಾತ್ರ. 2004ರ ಏಪ್ರಿಲ್‌ನಿಂದ ನಮ್ಮ ಸರ್ಕಾರ ಎ.ಆರ್.ಟಿ. ಗುಳಿಗೆಗಳನ್ನು ಉಚಿತವಾಗಿ ಕೊಡುತ್ತಿದೆ. ತಪ್ಪದೆ ನುಂಗುವವರು ಇಂದು ದುಡಿದು, ಮಕ್ಕಳನ್ನು ಓದಿಸಿ, ದೀರ್ಘಕಾಲ ಬಾಳುತ್ತಾರೆ. ಇದು ದೇವರಿಗೆ ಕೃತಜ್ಞತೆ ಸಲ್ಲಿಸಬೇಕಾದ ಸಂಗತಿ. ಆದರೆ ಸಾವಿನ ಭಯವೊಂದನ್ನೇ ಸಂಯಮಕ್ಕೆ ಕಾರಣವಾಗಿ ಕಲಿಸಿದ್ದರೆ, ಔಷಧ ಬಂದ ದಿನವೇ ಆ ಕಾರಣ ಬಿದ್ದುಹೋಯಿತಲ್ಲವೇ? ಆದ್ದರಿಂದ ಯುವಕನಿಗೆ ಹೇಳಬೇಕಾದದ್ದು "ಹಾಗೆ ಮಾಡಿದರೆ ನೀನು ಸಾಯುತ್ತೀಯೆ" ಎಂದಲ್ಲ. "ಇನ್ನೊಬ್ಬರ ದೇಹವನ್ನು ಅಪಾಯಕ್ಕೆ ಒಡ್ಡುವ ಹಕ್ಕು ನಿನಗಿಲ್ಲ" ಎಂದು. ರೋಗ ಇದ್ದರೂ ಹೋದರೂ ಈ ಮಾತು ನಿಲ್ಲುತ್ತದೆ.

ಎರಡನೆಯದು ಇನ್ನೂ ಗಂಭೀರ. ನಿಷ್ಠೆಯ ಬೋಧನೆಯನ್ನು ನಾವು ಹೆಚ್ಚಾಗಿ ಹೆಣ್ಣುಮಕ್ಕಳಿಗೆ ಮಾಡುತ್ತೇವೆ, ಏಕೆಂದರೆ ಸಭೆಗೆ ಬರುವವರು ಅವರೇ. ಪುಣೆಯ ಲೈಂಗಿಕ ರೋಗ ಚಿಕಿತ್ಸಾಲಯಗಳಿಗೆ ಬಂದ ಮಹಿಳೆಯರ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ವೇಶ್ಯಾವೃತ್ತಿಯಲ್ಲಿ ಇಲ್ಲದ ಸಾಮಾನ್ಯ ಮಹಿಳೆಯರಲ್ಲಿ ಶೇಕಡಾ 13.6ರಷ್ಟು ಮಂದಿಗೆ ಎಚ್.ಐ.ವಿ. ಸೋಂಕು ಇತ್ತು. ಅವರಲ್ಲಿ ಬಹುತೇಕರು ವಿವಾಹಿತರು, ಗಂಡನನ್ನು ಬಿಟ್ಟು ಬೇರೆಯವರನ್ನು ಅರಿಯದವರು. ಈ ಒಂದು ಅಂಶವನ್ನು ಮನಸ್ಸಿನಲ್ಲಿಟ್ಟು ಯೋಚಿಸಿ. ನಾವು ಹೇಳಿದ್ದನ್ನೆಲ್ಲ ಪಾಲಿಸಿದವಳಿಗೇ ಸೋಂಕು ತಗಲಿತು. ಅವಳ ನಿಷ್ಠೆ ಅವಳನ್ನು ಕಾಪಾಡಲಿಲ್ಲ, ಏಕೆಂದರೆ ನಿಷ್ಠೆ ಒಬ್ಬರು ಹೊರುವ ಹೊರೆಯಲ್ಲ. ಇಬ್ಬರು ಸೇರಿ ಎಳೆಯುವ ನೊಗ. ಒಂದೇ ಎತ್ತು ನೊಗ ಹೊತ್ತರೆ ಗಾಡಿ ನೆಟ್ಟಗೆ ಹೋದೀತೇ?

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ನಂಬಿಕೆ ಮತ್ತು ತಿಳಿವಳಿಕೆ ಬೇರೆ ಬೇರೆ. ದೇವಾಲಯದಲ್ಲಿ ವಧೂವರರು ಕೊಡುವ ಮಾತು ಮುಂದಿನದಕ್ಕೆ ಸಂಬಂಧಿಸಿದ್ದು: ಸುಖದಲ್ಲೂ ದುಃಖದಲ್ಲೂ ನಿನ್ನೊಂದಿಗೆ ಇರುವೆನೆಂಬುದು. ಅದನ್ನು ಯಾವ ಯಂತ್ರವೂ ಪರೀಕ್ಷಿಸಲಾರದು. ಅಲ್ಲಿ ನಂಬಿಕೆ ಬೇಕೇ ಬೇಕು. ರಕ್ತದಲ್ಲಿ ಇರುವುದಾದರೋ ಹಿಂದಿನದು. ಅದು ಈಗಾಗಲೇ ಇದೆ ಅಥವಾ ಇಲ್ಲ. ನಂಬಿದ ಮಾತ್ರಕ್ಕೆ ಇದ್ದದ್ದು ಇಲ್ಲವಾಗದು. ಪರೀಕ್ಷೆಯಿಂದ ತಿಳಿಯಬಹುದಾದುದನ್ನು ನಂಬಿಕೆಗೆ ಬಿಡುವುದು ಭಕ್ತಿಯಲ್ಲ, ಅವಿವೇಕ. ವಿವೇಕವೂ ಸದ್ಗುಣವೇ, ಉಳಿದ ಸದ್ಗುಣಗಳಿಗೆ ದಾರಿ ತೋರಿಸುವ ಸದ್ಗುಣ.

ಇನ್ನೊಂದು ವಿಷಯ. ಈ ಸೋಂಕು ನಡತೆಯ ಪ್ರಮಾಣಪತ್ರವಲ್ಲ. ಸೋಂಕಿತ ರಕ್ತದಿಂದ, ಸೂಜಿಯಿಂದ, ತಾಯಿಯಿಂದ ಮಗುವಿಗೆ ಕೂಡ ಅದು ಬರುತ್ತದೆ. ತಾಯಿಯ ಗರ್ಭದಲ್ಲೋ ಎದೆಹಾಲಿನಲ್ಲೋ ಅದನ್ನು ಪಡೆದು, ಗುಳಿಗೆಯ ಬಲದಿಂದ ಬೆಳೆದು ಇಂದು ಮದುವೆಯ ವಯಸ್ಸಿಗೆ ಬಂದಿರುವ ಯುವಕ ಯುವತಿಯರಿದ್ದಾರೆ. ಅವರು ಯಾವ ಪಾಪ ಮಾಡಿದರು? ಹೀಗಿರುವಾಗ ಪರೀಕ್ಷೆ ಕೇಳುವುದು "ನೀನು ಕೆಟ್ಟವನೇ?" ಎಂದು ಕೇಳಿದಂತಲ್ಲ. "ನಾವಿಬ್ಬರೂ ಒಟ್ಟಿಗೆ ಹೊರಬೇಕಾದ ಭಾರ ಯಾವುದೆಂದು ತಿಳಿದುಕೊಳ್ಳೋಣ" ಎಂದಂತೆ. ಅದಕ್ಕೇ ಹೇಳುತ್ತೇನೆ: ಒಬ್ಬರು ಇನ್ನೊಬ್ಬರಿಂದ ಕೇಳುವುದಲ್ಲ, ಇಬ್ಬರೂ ಜೊತೆಯಾಗಿ ಮಾಡಿಸಿಕೊಳ್ಳಿ. ನಂಬಿಕೆಯನ್ನು ಮುರಿಯುವುದು ಪ್ರಶ್ನೆಯಲ್ಲ, ಮುಚ್ಚಿಡುವುದು. ಧರ್ಮಸಭೆಯ ಕಾನೂನಿನ 1098ನೇ ವಿಧಿಯೂ, ದಾಂಪತ್ಯವನ್ನು ತೀವ್ರವಾಗಿ ಕದಡಬಲ್ಲ ಗುಣವೊಂದನ್ನು ಮೋಸದಿಂದ ಮರೆಮಾಚಿ ಒಪ್ಪಿಗೆ ಪಡೆದರೆ ಆ ವಿವಾಹ ಸಿಂಧುವಲ್ಲ ಎನ್ನುತ್ತದೆ.

"ಹಾಗಾದರೆ ಫಾದರ್, ಪರೀಕ್ಷೆಯ ಪತ್ರ ತರದವರ ಮದುವೆ ಮಾಡಿಸುವುದಿಲ್ಲ ಎಂದು ಧರ್ಮಕೇಂದ್ರದಲ್ಲೇ ನಿಯಮ ಮಾಡಿಬಿಡಿ" ಎನ್ನುವ ತಂದೆತಾಯಿಗಳಿದ್ದಾರೆ. ನೆರೆಯ ಗೋವೆಯಲ್ಲಿ ಮದುವೆಗೆ ಮುಂಚಿನ ಪರೀಕ್ಷೆಯನ್ನು ಕಡ್ಡಾಯ ಮಾಡುವ ಪ್ರಸ್ತಾಪವನ್ನು ಸರ್ಕಾರವೇ ಎತ್ತಿದ್ದುಂಟು. ಮಗಳ ಮೇಲಿನ ಕಾಳಜಿಯಿಂದ ಬಂದ ಮಾತಿದು; ಹಗುರವಾಗಿ ತಳ್ಳಿಹಾಕಲಾರೆ. ಆದರೂ ಒಪ್ಪಲಾರೆ. ಕಾರಣ ಹೇಳುತ್ತೇನೆ.

ಸೋಂಕು ತಗಲಿದ ಮೊದಲ ವಾರಗಳಲ್ಲಿ ಪರೀಕ್ಷೆಯಲ್ಲಿ ಅದು ಕಾಣಿಸದೆ ಹೋಗಬಹುದು. ಒಂದು ದಿನದ ಪತ್ರ ಮುಂದಿನ ಮೂವತ್ತು ವರ್ಷಗಳ ನಿಷ್ಠೆಗೆ ಜಾಮೀನಾಗದು. ಒತ್ತಾಯ ಹೆಚ್ಚಿದಂತೆ ಸುಳ್ಳು ಪತ್ರಗಳೂ ಹೆಚ್ಚುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಪತ್ರ ಗುರುಗಳ ಮೇಜಿನ ಮೇಲೆ ಬಂದರೆ ಒಂದು ವಾರದಲ್ಲಿ ಊರ ಬಾವಿಕಟ್ಟೆಗೂ ಬರುತ್ತದೆ. ಮದುವೆ ಮುರಿಯಿತೆಂಬ ಸುದ್ದಿಯೇ ಸಾಕು, ಉಳಿದದ್ದನ್ನು ಜನ ಊಹಿಸಿಕೊಳ್ಳುತ್ತಾರೆ. ಸಂತ ಜೋಸೆಫರನ್ನು ನೆನೆಯಿರಿ. ಮರಿಯಮ್ಮನವರ ವಿಷಯ ಅರ್ಥವಾಗದೆ ಮನಸ್ಸು ಕಲಕಿದ್ದ ಹೊತ್ತಿನಲ್ಲೂ ಅವರನ್ನು ಊರ ಮುಂದೆ ಅವಮಾನಕ್ಕೆ ಗುರಿ ಮಾಡಬಾರದೆಂದು ಅವರು ನಿಶ್ಚಯಿಸಿದ್ದರು. ಶುಭಸಂದೇಶ ಅವರನ್ನು ನೀತಿವಂತರೆಂದು ಕರೆಯುವುದು ಅದೇ ಸಂದರ್ಭದಲ್ಲಿ.

ದೇಶದ ಕಾನೂನೂ ಇದೇ ದಾರಿಯಲ್ಲಿ ಕಷ್ಟಪಟ್ಟು ನಡೆದು ಬಂದಿದೆ. ಸೋಂಕಿತರೊಬ್ಬರ ವಿಷಯ ಆಸ್ಪತ್ರೆಯಿಂದ ಹೊರಬಿದ್ದು ಮದುವೆ ನಿಂತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1998ರಲ್ಲಿ, ವಧುವಿನ ಆರೋಗ್ಯದ ಹಕ್ಕು ವರನ ಗುಟ್ಟಿಗಿಂತ ಮೇಲು ಎಂದಿತು. ಅಂಥವರಿಗೆ ಮದುವೆಯ ಹಕ್ಕೇ ಇಲ್ಲವೆಂಬಂಥ ಮಾತನ್ನೂ ಸೇರಿಸಿತು. ಈ ಎರಡನೆಯ ಮಾತು ಅನವಶ್ಯಕವಾಗಿತ್ತೆಂದು 2002ರಲ್ಲಿ ಅದೇ ನ್ಯಾಯಾಲಯ ಬದಿಗಿಟ್ಟಿತು. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಕಾಯಿದೆಯಂತೆ, ವ್ಯಕ್ತಿಯ ತಿಳಿದ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಫಲಿತಾಂಶವನ್ನು ಬಹಿರಂಗಪಡಿಸುವಂತಿಲ್ಲ. ಸಂಗಾತಿಗೆ ನಿಜವಾದ ಅಪಾಯವಿದ್ದಾಗ ಸಮಾಲೋಚನೆಯ ನಂತರ ತಿಳಿಸಲು ಅವಕಾಶವಿದೆ. ಅದು ಇರುವುದು ವೈದ್ಯರಿಗೆ ಮತ್ತು ಸಮಾಲೋಚಕರಿಗೆ, ಗುರುಗಳಿಗೂ ವಾರ್ಡಿನ ಗುರಿಕಾರರಿಗೂ ಅಲ್ಲ.

ಹಾಗಾದರೆ ವರ ಒಪ್ಪದಿದ್ದರೆ ಹುಡುಗಿಯನ್ನು ಕಾಪಾಡುವವರು ಯಾರು? ಇದೇ ಕಠಿಣ ಪ್ರಶ್ನೆ. ನನ್ನ ಉತ್ತರ: ಅವಳ "ಬೇಡ" ಎಂಬ ಮಾತು. ಕಾರಣ ಹೇಳದೆ ಪರೀಕ್ಷೆಗೆ ನಿರಾಕರಿಸುವವನನ್ನು ಮದುವೆಯಾಗುವ ಬಲವಂತ ಅವಳಿಗಿಲ್ಲ. ಹಾಲ್ ಬುಕ್ ಆಗಿರಬಹುದು, ಪ್ರಕಟಣೆ ಎರಡು ಭಾನುವಾರ ಓದಿರಬಹುದು. ಆದರೂ ಅವಳು ಹಿಂದೆ ಸರಿಯಬಹುದು. ಆ ಹೊತ್ತಿನಲ್ಲಿ ಅವಳ ತಾಯಿ, ಅವಳ ಚಿಕ್ಕಮ್ಮಂದಿರು, ಅವಳ ಧರ್ಮಕೇಂದ್ರ ಅವಳ ಬೆನ್ನಿಗೆ ನಿಲ್ಲಬೇಕು. "ಹೊಂದಿಕೊಂಡು ಹೋಗು ಮಗಳೇ" ಎಂಬ ಮಾತಿಗೆ ಅದು ಸಮಯವಲ್ಲ. ನಿಯಮದ ಹಲಗೆ ತೂಗುಹಾಕುವುದು ಸುಲಭ. ಒಬ್ಬ ಹುಡುಗಿಯ ಬೆನ್ನಿಗೆ ನಿಲ್ಲುವುದು ಕಷ್ಟ. ಧರ್ಮಕೇಂದ್ರದ ಕೆಲಸ ಕಷ್ಟದ್ದೇ.

ಫಲಿತಾಂಶದಲ್ಲಿ ಸೋಂಕು ಇದೆ ಎಂದು ಬಂದರೋ? ಅಲ್ಲಿಗೆ ಬದುಕು ಮುಗಿಯುವುದಿಲ್ಲ. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ದಂಪತಿಗಳ ಮೇಲೆ ಒಂಬತ್ತು ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ ನಮ್ಮ ಪುಣೆ, ಚೆನ್ನೈಗಳೂ ಸೇರಿದ್ದವು. ಬೇಗನೆ ಚಿಕಿತ್ಸೆ ಆರಂಭಿಸಿದರೆ ಸಂಗಾತಿಗೆ ಸೋಂಕು ದಾಟುವುದು ಶೇಕಡಾ 96ರಷ್ಟು ತಗ್ಗುತ್ತದೆ ಎಂದು 2011ರಲ್ಲಿ ತಿಳಿದುಬಂತು. ಕ್ರಮವಾಗಿ ಗುಳಿಗೆ ನುಂಗಿ, ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ ದಾಂಪತ್ಯದ ಸಂಬಂಧದಿಂದ ಅದು ಹರಡುವುದಿಲ್ಲವೆಂದು ಇಂದು ವೈದ್ಯರು ದೃಢವಾಗಿ ಹೇಳುತ್ತಾರೆ. ಗರ್ಭಿಣಿ ಸಕಾಲದಲ್ಲಿ ಚಿಕಿತ್ಸೆ ಪಡೆದರೆ ಮಗುವಿಗೆ ತಗಲುವ ಸಂಭವ ಶೇಕಡಾ 5ಕ್ಕಿಂತ ಕೆಳಗಿಳಿಯುತ್ತದೆ. ಸತ್ಯ ತಿಳಿದು, ಅರಿತು, ಒಪ್ಪಿ ಮದುವೆಯಾಗುವವರಿಗೆ ಬಾಗಿಲು ಮುಚ್ಚುವ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ.

ನಿರೋಧ್ ವಿಷಯದಲ್ಲಿ ಧರ್ಮಸಭೆಯ ಬೋಧನೆ ಓದುಗರಿಗೆ ತಿಳಿದದ್ದೇ. ಸೋಂಕಿತ ದಂಪತಿಗಳ ಸಂದರ್ಭದಲ್ಲಿ ಅದನ್ನು ಹೇಗೆ ಅನ್ವಯಿಸಬೇಕೆಂದು ನೀತಿಶಾಸ್ತ್ರಜ್ಞರು ಚರ್ಚಿಸುತ್ತಲೇ ಬಂದಿದ್ದಾರೆ. ಕೆಲವು ಸಂದರ್ಭಗಳಲ್ಲಿ ಸೋಂಕು ಹರಡಬಾರದೆಂಬ ಉದ್ದೇಶವೇ ಜವಾಬ್ದಾರಿಯ ಕಡೆಗಿನ ಮೊದಲ ಹೆಜ್ಜೆಯಾಗಬಹುದೆಂದು ಪೋಪ್ ಹದಿನಾರನೆಯ ಬೆನೆಡಿಕ್ಟರು 2010ರಲ್ಲಿ ಹೇಳಿದ್ದು ದೊಡ್ಡ ಸುದ್ದಿಯಾಗಿತ್ತು. ಅಂಥ ದಂಪತಿಗಳು ವೈದ್ಯರೊಂದಿಗೂ ತಮ್ಮ ಆಧ್ಯಾತ್ಮಿಕ ಗುರುಗಳೊಂದಿಗೂ ಮಾತನಾಡಿ ಮನಸ್ಸಾಕ್ಷಿಯ ಮುಂದೆ ನಿರ್ಧರಿಸಲಿ. ಒಂದು ಮಾತನ್ನು ಮಾತ್ರ ಒತ್ತಿ ಹೇಳುವೆ. ಸಂಯಮವನ್ನು ಬೋಧಿಸುವ ಉತ್ಸಾಹದಲ್ಲಿ "ಅದರಿಂದ ಏನೂ ಪ್ರಯೋಜನವಿಲ್ಲ, ವೈರಾಣು ತೂರಿ ಬರುತ್ತದೆ" ಎಂದು ಯುವಜನರಿಗೆ ಹೇಳುವವರಿದ್ದಾರೆ. ಅದು ಸುಳ್ಳು. ದೇವರ ಕೆಲಸಕ್ಕೆ ಸುಳ್ಳಿನ ಸಹಾಯ ಬೇಕಾಗಿಲ್ಲ. ಒಂದು ಸುಳ್ಳು ಸಿಕ್ಕಿಬಿದ್ದರೆ ಆ ಹುಡುಗ ನಾವು ಹೇಳಿದ ಹತ್ತು ಸತ್ಯಗಳನ್ನೂ ನಂಬುವುದಿಲ್ಲ.

ಪ್ರಿಯ ಓದುಗರೇ, ಪರೀಕ್ಷೆ ದೂರದ ಮಾತಲ್ಲ. ಸರ್ಕಾರಿ ಆಸ್ಪತ್ರೆಗಳ ಸಮಾಲೋಚನಾ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಅದು ಉಚಿತ, ಗುಟ್ಟಾಗಿಯೂ ಉಳಿಯುತ್ತದೆ. 1097 ಸಂಖ್ಯೆಗೆ ಹಣವಿಲ್ಲದೆ ಫೋನ್ ಮಾಡಿ ಕೇಳಬಹುದು. ಮದುವೆಯ ತಯಾರಿ ತರಗತಿಗೆ ವೈದ್ಯರನ್ನೋ ದಾದಿಯರನ್ನೋ ಕರೆಸಿ. ಕೊಂಕಣಿ ಮಾತ್ರ ಬಲ್ಲವರಿಗೆ ಕೊಂಕಣಿಯಲ್ಲೇ ಹೇಳಿಸಿ. ನಿಷ್ಠೆಯ ಪಾಠಕ್ಕೆ ತಾಯಂದಿರ ಸಂಘವನ್ನಷ್ಟೇ ಕೂರಿಸಬೇಡಿ. ಗೋವೆಯಿಂದ ಹಬ್ಬಕ್ಕೆ ಬಂದ ಗಂಡಸರನ್ನು ಮೊದಲು ಕೂರಿಸಿ. ಮಗಳ ಮದುವೆಯ ಮಾತುಕತೆಯಲ್ಲಿ ಆ ಪ್ರಶ್ನೆಯನ್ನು ಅವಳ ಬಾಯಿಗೆ ಬಿಡದೆ ತಂದೆತಾಯಿಯರೇ ಎತ್ತಿ, "ನಮ್ಮವಳೂ ಮಾಡಿಸಿಕೊಳ್ಳುತ್ತಾಳೆ" ಎಂದು ತಾವೇ ಮೊದಲು ಹೇಳಿ. ಹಾಗೆ ಹೇಳಿದ ಮನೆಯಲ್ಲಿ ಆ ಪ್ರಶ್ನೆ ಯಾರಿಗೂ ಅವಮಾನವಾಗದು.